ನಿಲ್ಲಿಸಿದ ಜಾಗದಿಂದಲೇ ಶುರು

ನಾಗಪುರದ ಕಡೆ ನೆಲೆ ನಿಂತವರು ಸಮುದ್ರದ ಆಸೆಯನ್ನು ಬಿಟ್ಟೇ ಬಿಡುತ್ತಾರೆ. ಯಾವ ದಿಕ್ಕಿಗೆ ಹೊರಟರೂ ಅದು ಅಷ್ಟೇ ದೂರ. ಆದರೆ ಕಾಮಠಿಯ ಬ್ಯಾಂಕ್ ಕ್ಯಾಶಿಯರ್ ನರಹರಿಯ ಹೆಂಡತಿ ವತ್ಸಲಾಗೆ ನಲವತ್ತು ದಾಟಿದ ಮೇಲೆ ಅದೊಂದೇ ಹುಚ್ಚು ಹತ್ತಿಕೊಂಡಿತು. ಗದಗಿನ ಕೆರೆ, ನಾಗಪುರದ ಅಂಬಾಝರಿ ಕೆರೆ, ಇವೆರಡನ್ನು ಬಿಟ್ಟು ದೊಡ್ಡ ನೀರನ್ನು ಅವಳು ಕಂಡವಳಲ್ಲ.

ಹುಚ್ಚು ಹತ್ತಿಸಿದವಳು ಪಕ್ಕದ ಮನೆಯ ದೇಚಮ್ಮ. ಕೊಡಗಿನವಳು, ಸುಬೇದಾರ್ ಉತ್ತಪ್ಪನ ಹೆಂಡತಿ. ಚಿಕ್ಕವಳಿದ್ದಾಗ ಕಾರವಾರದಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದವಳು. "ಅಲ್ಲಿಂದ ತೆಂಕಣಕ್ಕೆ ದಂಡೆ ಹಿಡಿದು ದಿನಗಟ್ಟಲೆ ನಡೀಬಹುದು ವತ್ಸಲಾ. ಹೊಳೆ ಅಡ್ಡ ಬಂದ್ರೆ ದೋಣಿ. ಸುಸ್ತಾಯ್ತಾ, ನಿಲ್ಲಿಸು. ಮುಂದಿನ ವರ್ಷ ನಿಲ್ಲಿಸಿದ ಜಾಗದಿಂದ ಶುರು ಮಾಡು. ನಾನೂ ಬರ್ತೀನಿ, ಸಿಪಾಯಿಯೂ ಬರ್ತಾನೆ."

ಸಿಪಾಯಿ ಅಂದರೆ ದೇಚಮ್ಮನ ನಾಯಿ. ಕಂದು ಬಣ್ಣದ ನಾಡನಾಯಿ. ಒಂದು ಕಿವಿ ನಿಮಿರಿದ್ದು, ಇನ್ನೊಂದು ಮಡಚಿದ್ದು. ಉತ್ತಪ್ಪ ಅದಕ್ಕೆ ದಿನಾ ಬೆಳಿಗ್ಗೆ ಪರೇಡ್ ಮಾಡಿಸುತ್ತಿದ್ದ, ಅದು ದಿನಾ ತಪ್ಪು ಮಾಡುತ್ತಿತ್ತು. ಹೀಗಾಗಿ ಬಡ್ತಿ ಸಿಕ್ಕಿರಲಿಲ್ಲ.

ನರಹರಿಗೆ ಬ್ಯಾಂಕಿನಿಂದ ರಜಾ ಪ್ರವಾಸದ ಸವಲತ್ತು ಸಿಕ್ಕಾಗಲೆಲ್ಲ ಅವನು ಹೋಗುತ್ತಿದ್ದುದು ಗದಗಿಗೆ, ಅಣ್ಣನ ಮನೆಗೆ. ಈ ಸಲ ಕಾರವಾರಕ್ಕೆ ಹೋಗೋಣವೆಂದು ವತ್ಸಲಾ ಎಂಬತ್ತನಾಲ್ಕರ ಸಂಕ್ರಾಂತಿಯ ದಿನ ಕುಸುರೆಳ್ಳು ಹಂಚುತ್ತಾ ಹೇಳಿದಳು. ಅವನು ನಕ್ಕುಬಿಟ್ಟ.

"ಪ್ಯಾಟಿಗೆ ಹೋಗಿ ಬಂದ್ರ ಕಾಲು ಒತ್ರಿ ಅಂತೀ. ಸಮುದ್ರದ ದಂಡಿ ನಡೀತೀಯಾ?"

"ನಡದು ತೋರಸ್ತೀನಿ. ಕನ್ಹಾನ್ ಹೊಳಿ ಅದ ಅಲ್ಲ, ಅದರ ದಂಡಿ ಹಿಡದು ನಡೀತೀನಿ. ಎಲ್ಲೀ ತನಕ ಅಂತೀರಿ?"

"ಅಂಭೋರಾ ತನಕ. ಕನ್ಹಾನ್ ಹೋಗಿ ವೈನಗಂಗಾಕ್ಕ ಕೂಡೋ ತನಕ. ಹೋಳಿ ಹುಣ್ಣಿವಿ ಒಳಗ. ಒಂದು ಗೇಣೂ ಬಿಡಬಾರದು. ಬಿಟ್ಟೀ ಅಂದ್ರ ಗದಗ."

"ನಡದ್ರ?"

"ಕಾರವಾರ," ಅಂದ ನರಹರಿ. ಮಾತು ಜಾರಿದ್ದು ಅವನಿಗೆ ಆಮೇಲೆ ಗೊತ್ತಾಯಿತು. ಎಳ್ಳು ಅಗಿಯುತ್ತಾ ಕೂತಿದ್ದ ಉತ್ತಪ್ಪ, "ನಾನು ಸಾಕ್ಷಿ," ಅಂದುಬಿಟ್ಟಿದ್ದ.

ಮರುವಾರವೇ ಇಬ್ಬರು ಹೆಂಗಸರು ಕನ್ಹಾನ್ ಸೇತುವೆಯ ಕೆಳಗಿಳಿದು ನಡೆಯಲು ಶುರು ಮಾಡಿದರು. ಹೋಗುವುದು ಭಾನುವಾರ ಮಾತ್ರ. ಹೊಳೆ ಇಳಿದು ಮರಳು ತೆರೆದಿತ್ತು, ಬಿಸಿಲು ಹಿತವಾಗಿತ್ತು. ಸಾಕಾದಾಗ ಹತ್ತಿರದ ರಸ್ತೆಗೆ ಹತ್ತಿ ಬಸ್ಸು ಹಿಡಿದು ಮನೆಗೆ ಬರುವುದು, ಮುಂದಿನ ವಾರ ಅದೇ ಜಾಗಕ್ಕೆ ಬಸ್ಸಿನಲ್ಲಿ ಹೋಗಿ ಇಳಿಯುವುದು.

ತೊಡಕು ಬಂದದ್ದು ಬಸ್ಸಿನಲ್ಲಿ. ಮೌದಾ ಬಸ್ಸಿನ ಕಂಡಕ್ಟರ್ ಕಾಶೀನಾಥ ಬಾಗಿಲಿಗೆ ಅಡ್ಡ ಕೈ ಇಟ್ಟ. "ಕುತ್ರಾ ನಾಹೀ ಚಾಲಣಾರ್, ಬಾಈ." ನಾಯಿ ನಡೆಯುವುದಿಲ್ಲ.

ವತ್ಸಲಾ ಬಸ್ಸಿನೊಳಗೆ ಬಗ್ಗಿ ನೋಡಿದಳು. ಎರಡನೇ ಸೀಟಿನ ಕೆಳಗೆ ಕೋಳಿ ಬುಟ್ಟಿ, ಹಿಂದೆ ಒಂದು ಮೇಕೆ.

"ಕೋಂಬಡಿ ಚಾಲತೇ, ಬಕರೀ ಚಾಲತೇ, ಮಗ ಕುತ್ರಾ ಕಾ ನಾಹೀ?" ಕೋಳಿ ಆಗುತ್ತದೆ, ಮೇಕೆ ಆಗುತ್ತದೆ, ನಾಯಿ ಯಾಕೆ ಆಗುವುದಿಲ್ಲ? ಅವಳ ದನಿ ಡ್ರೈವರನ ತನಕ ಹೋಯಿತು. "ಆ ಮೇಕೆ ಇಳಿಯೋ ಹೊತ್ತಿಗೆ ನಿನ್ನ ಬಸ್ಸು ಏನಾಗಿರುತ್ತದೋ ನೋಡು. ನಮ್ಮದು ಮಿಲಿಟರಿ ನಾಯಿ. ಶಿಸ್ತಿನದು."

ಶಿಸ್ತಿನ ನಾಯಿ ಅಷ್ಟರಲ್ಲಿ ಒಳಗೆ ನುಗ್ಗಿ ಕಾಶೀನಾಥನ ಸೀಟಿನ ಕೆಳಗೇ ಮುದುಡಿ ಮಲಗಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು. ಮೂರನೇ ವಾರಕ್ಕೆ ಕಾಶೀನಾಥನೇ ಸೀಟಿನ ಕೆಳಗೆ ಗೋಣಿಚೀಲ ಹಾಸಿಡಲು ಶುರು ಮಾಡಿದ.

ಸಿಪಾಯಿಗೆ ಒಂದು ಅಭ್ಯಾಸವಿತ್ತು. ನಡಿಗೆ ನಿಲ್ಲಿಸಿದ ಕಡೆ ಒಂದು ಕಲ್ಲನ್ನೋ ಗೂಟವನ್ನೋ ಆರಿಸಿ ಕಾಲೆತ್ತುತ್ತಿದ್ದ. ಮುಂದಿನ ವಾರ ಬಂದವನೇ ಅದನ್ನು ಮೂಸಿ, ತನ್ನದೇ ಎಂದು ಖಾತ್ರಿ ಮಾಡಿಕೊಂಡು ಮುಂದೆ ಹೊರಡುತ್ತಿದ್ದ. "ನಮ್ಮನಿಯವರೂ ಹಿಂಗ ನೋಡ್ರಿ ಅಕ್ಕಾರ," ಅನ್ನುತ್ತಿದ್ದಳು ವತ್ಸಲಾ. "ಹಾಳಿ ಮ್ಯಾಲೆ ಬ್ಯಾಂಕಿನ ಸಿಕ್ಕಾ ಬರೋಬರ್ ಕಾಣಲಿಲ್ಲ ಅಂದ್ರ ಮುಂದಿನ ಹಾಳಿ ತಿರುವಂಗಿಲ್ಲ."

ಫೆಬ್ರವರಿ ಕಳೆಯುವ ಹೊತ್ತಿಗೆ ಮೌದಾ ಹಿಂದೆ ಬಿತ್ತು. ವತ್ಸಲಾಳ ಕಾಲು ಗಟ್ಟಿಯಾಗಿತ್ತು, ಮುಖ ಕಪ್ಪಾಗಿತ್ತು, ಹಸಿವು ಹೆಚ್ಚಾಗಿತ್ತು. ಈಗ ಕಾಶೀನಾಥನ ಬಸ್ಸನ್ನೇ ಮೌದಾದಾಚೆಯ ಹಳ್ಳಿಗಳ ತನಕ ಹಿಡಿಯಬೇಕಾಗಿತ್ತು. ಆ ವಾರ ಅವರು ನಿಂತದ್ದು ಗಂಗೂಬಾಯಿಯ ಕಲ್ಲಂಗಡಿ ತೋಟದಲ್ಲಿ. ತೋಟವೆಂದರೆ ಹೊಳೆಯ ಮರಳಿನಲ್ಲೇ ಗುಂಡಿ ತೋಡಿ, ಗೊಬ್ಬರ ಹಾಕಿ ಬಳ್ಳಿ ಹಬ್ಬಿಸಿದ್ದು; ಮಳೆಗಾಲದಲ್ಲಿ ಹೊಳೆಗೆ ವಾಪಸು. ಗಂಗೂಬಾಯಿ ಗುಡಿಸಲ ಮುಂದೆ ಜೋಳದ ಭಾಕರಿ ಬಡಿಯುತ್ತಿದ್ದಳು. ಸಿಪಾಯಿಗೆ ಒಂದು ಭಾಕರಿ, ಮೇಲೆ ಹುರಿದ ಸಣ್ಣ ಮೀನು. ಹೆಂಗಸರು ಹಣ್ಣು ಕೇಳಿದರೆ, ಒಂದೊಂದನ್ನೇ ಬೆರಳಿನಿಂದ ತಟ್ಟಿ ತಲೆಯಾಡಿಸಿದಳು. "ಇನ್ನೂ ಎಳೆಯದು. ಬರುವ ಭಾನುವಾರ ಬನ್ನಿ, ಮೊದಲ ಹಣ್ಣು ನಿಮಗೇ ಕೊಯ್ಯುತ್ತೇನೆ." ಸಿಪಾಯಿ ಗುಡಿಸಲ ಗೂಟಕ್ಕೆ ಸಿಕ್ಕಾ ಒತ್ತಿದ.

ಬರುವ ಭಾನುವಾರ ಬಸ್ಸು ಆ ಹಳ್ಳಿಗೆ ಹೋಗಲೇ ಇಲ್ಲ. ರಸ್ತೆ ಅಗೆದಿದ್ದರು. ಸುತ್ತು ಬಳಸಿ ಹೋದ ಕಾಶೀನಾಥ ಅವರನ್ನು ಮುಂದಿನ ಊರಿನ ಮಾವಿನ ತೋಪಿನ ಹತ್ತಿರ ಇಳಿಸಿ ಸೀಟಿ ಊದಿದ.

ಹೊಳೆಗಿಳಿದು ನೋಡಿದರೆ ಗಂಗೂಬಾಯಿಯ ತೋಟ ಮೇಲಕ್ಕೆ, ಎರಡು ತಿರುವು ಹಿಂದೆ. ಹೋಳಿಗೆ ಉಳಿದದ್ದು ಈ ಭಾನುವಾರ, ಇನ್ನೊಂದು ಭಾನುವಾರ, ಅಷ್ಟೇ. ಹಿಂದೆ ಹೋಗಿ ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ವತ್ಸಲಾ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಅಕ್ಕಾರ, ಇಲ್ಲಿಂದನ ಶುರು ಮಾಡಿದ್ರ? ನೋಡೋರು ಯಾರಿದ್ದಾರ?"

ದೇಚಮ್ಮ ಬೂಟಿನ ದಾರ ಬಿಗಿಯುತ್ತಾ ತಲೆ ಎತ್ತಲಿಲ್ಲ. "ಪಂದ್ಯ ನಿನ್ನದು. ಸಮುದ್ರವೂ ನಿನ್ನದು."

"ಬಿಟ್ಟದ್ದು ಎಷ್ಟು ಮಹಾ! ಚಲೋ ಸಿಪಾಯಿ."

ಸಿಪಾಯಿ ಹೊರಡಲಿಲ್ಲ. ಒಂದು ಕಲ್ಲು ಮೂಸಿದ, ಇನ್ನೊಂದು ಮೂಸಿದ, ಸತ್ತ ಮರದ ಬೊಡ್ಡೆಯನ್ನು ಸುತ್ತು ಹಾಕಿದ. ಎಲ್ಲೂ ತನ್ನ ಗುರುತಿಲ್ಲ. ಮರಳಿನಲ್ಲಿ ಕುಕ್ಕರಿಸಿ ವತ್ಸಲಾಳ ಮುಖ ನೋಡಿದ. ನಿಮಿರಿದ ಕಿವಿಯೂ ಮಡಚಿಕೊಂಡಿತು. ಆಮೇಲೆ ಎದ್ದು, ಹೊಳೆಯ ಮೇಲ್ಮುಖವಾಗಿ, ಗಂಗೂಬಾಯಿಯ ತೋಟದ ಕಡೆಗೆ ಪುಟುಪುಟು ಹೊರಟ.

"ಏಯ್! ಆ ಕಡೆ ಅಲ್ಲೋ!" ಬಿಸ್ಕೀಟು ತೋರಿಸಿದಳು. ಬೈದಳು. ಮರಾಠಿಯಲ್ಲೂ ಬೈದಳು. ಅವನು ನಿಂತು ತಿರುಗಿ ನೋಡಿದ, ಮತ್ತೆ ನಡೆದ.

"ಅವನ ಹಿಂದೆ ಹೋಗದೆ ಗತಿಯಿಲ್ಲ," ಅಂದಳು ದೇಚಮ್ಮ. "ನಾಯಿ ಕಳಕೊಂಡು ಮನೆಗೆ ಹೋದ್ರೆ ಸುಬೇದಾರ್ರು ನನ್ನನ್ನ ಕೋರ್ಟ್ ಮಾರ್ಷಲ್ ಮಾಡ್ತಾರೆ."

ಎರಡು ತಿರುವಿನುದ್ದಕ್ಕೂ ವತ್ಸಲಾ ಅವನ ವಂಶವನ್ನೆಲ್ಲ ನೆನೆದಳು. ಗಂಗೂಬಾಯಿಯ ಗುಡಿಸಲು ಕಂಡದ್ದೇ ಸಿಪಾಯಿ ಓಡಿದ. ಗೂಟ ಮೂಸಿದ, ಹೊಸದಾಗಿ ಸಿಕ್ಕಾ ಒತ್ತಿದ, ಭಾಕರಿ ಮೀನು ತಿಂದ. ಬಾಯಿ ಚಪ್ಪರಿಸಿ, ಇನ್ನು ಹೊರಡಬಹುದೆಂಬಂತೆ ಬಂದ ದಾರಿಯಲ್ಲೇ ಕೆಳಮುಖವಾಗಿ ಹೊರಟು ನಿಂತ. ವತ್ಸಲಾ ನಗು ತಡೆಯಲಾಗದೆ ಮರಳಿನ ಮೇಲೆ ಕೂತುಬಿಟ್ಟಳು.

ಗಂಗೂಬಾಯಿ ಮಾತಿನಂತೆ ಮೊದಲ ಹಣ್ಣು ಕೊಯ್ದಳು. ಒಂದನ್ನು ಅಲ್ಲೇ ಒಡೆದು ತಿಂದರು, ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದರು. ಮಾವಿನ ತೋಪು ತಲುಪುವಾಗ ಹೊತ್ತು ವಾಲಿತ್ತು. ಇಡೀ ದಿನ ನಡೆದೂ ಬಸ್ಸು ಇಳಿದ ಜಾಗಕ್ಕೇ ಬಂದು ನಿಂತಿದ್ದರು.

ಹಣ್ಣನ್ನು ಆ ರಾತ್ರಿ ನರಹರಿ ಮುಕ್ಕಾಲು ಪಾಲು ಒಬ್ಬನೇ ತಿಂದ. "ಸಕ್ರಿ ಇದ್ದಂಗ ಅದ. ಎಲ್ಲಿಂದ ತಂದೀ?"

"ಗಂಗೂಬಾಯಿ ಅಂತ, ಹೊಳಿಯೊಳಗ ತೋಟ ಮಾಡ್ಯಾಳ. ಇವತ್ತ ಕೊಯ್ದದ್ದು, ಮೊದಲನೇ ಹಣ್ಣು."

ಕೊನೆಯ ಭಾನುವಾರ ಎರಡು ವಾರದ ದಾರಿಯನ್ನು ಒಂದೇ ದಿನ ನಡೆಯಬೇಕಾಗಿತ್ತು. ಬೆಳಕು ಹರಿಯುವ ಮೊದಲೇ ಉತ್ತಪ್ಪ ಅವರನ್ನು ಮಿಲಿಟರಿ ಗಾಡಿಯೊಂದರಲ್ಲಿ ಮಾವಿನ ತೋಪಿನ ತನಕ ಕಳಿಸಿದ್ದ. ಯಾವ ಗಾಡಿ, ಯಾರ ಅಪ್ಪಣೆ, ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಸರಿನ ಹಳ್ಳವೊಂದು ವತ್ಸಲಾಳ ಚಪ್ಪಲಿ ನುಂಗಿತು. ದೇಚಮ್ಮ ತನ್ನ ಚೀಲದಿಂದ ಉತ್ತಪ್ಪನ ಹಳೆಯ ಕ್ಯಾನ್ವಾಸ್ ಬೂಟು ತೆಗೆದಳು. ಎರಡೆರಡು ಕಾಲುಚೀಲ ಹಾಕಿ ತೊಟ್ಟರೂ ಅದು ಹೆಜ್ಜೆಗೊಮ್ಮೆ ಫಟ್ ಅನ್ನುತ್ತಿತ್ತು. ಆ ಫಟ್ ಫಟ್ ತಾಳಕ್ಕೆ ದೇಚಮ್ಮ ಹುತ್ತರಿ ಹಾಡು ಹೇಳಿದಳು, ವತ್ಸಲಾ ಬೀಸುವ ಪದ ಹೇಳಿದಳು. ಪಾದದಲ್ಲಿ ಬೊಬ್ಬೆ ಎದ್ದಿತ್ತು, ಕೂತರೆ ಏಳಲಾರೆನೆಂದು ಅವಳು ಕೂರಲೇ ಇಲ್ಲ.

ಸಂಜೆ ಕೆಂಪಾಗುವ ಹೊತ್ತಿಗೆ ಬಂಡೆಗಳ ಆಚೆ ಎರಡು ಹೊಳೆಗಳು ಕೂಡಿ ಅಗಲವಾದ ನೀರು ಕಂಡಿತು. ಗುಡ್ಡದ ಮೇಲೆ ಗುಡಿ. ಕೆಳಗೆ ಸ್ಕೂಟರ್, ಟಿಫಿನ್ ಡಬ್ಬಿ, ಉತ್ತಪ್ಪ, ನರಹರಿ.

ನರಹರಿ ನಗುತ್ತಿದ್ದ. ಆ ನಗು ವತ್ಸಲಾಗೆ ಗೊತ್ತು. ಖೊಟ್ಟಿ ನೋಟು ಕೈಗೆ ಸಿಕ್ಕ ದಿನದ ನಗು.

"ಶಾಬಾಶ್," ಅಂದ. "ಎಲ್ಲಾ ನಡದೀ. ಒಂದು ತುಂಡು ಮಾತ್ರ ಬಿಟ್ಟು. ಕಾಶೀನಾಥ ಬ್ಯಾಂಕಿಗೆ ಬಂದಿದ್ದ. ಹೋದ ವಾರ ಗಂಗೂಬಾಯಿ ಊರು ದಾಟಿಸಿ, ಮಾವಿನ ತೋಪಿನ್ಯಾಗ ಇಳಿಸಿದೆ ಅಂದ. ಸುಬೇದಾರ್ ಸಾಹೇಬ್ರ, ಗದಗಿನಿಂದ ನಿಮಗೂ ಪೇಡೆ ತರ್ತೀನಿ."

ವತ್ಸಲಾ ಬಂಡೆಯ ಮೇಲೆ ಕೂತು ನಿಧಾನವಾಗಿ ಬೂಟು ಬಿಚ್ಚಿದಳು.

"ಹೋದ ಭಾನುವಾರ ರಾತ್ರಿ ಏನು ತಿಂದ್ರಿ?"

"ಕಲ್ಲಂಗಡಿ."

"ಯಾರ ತೋಟದ್ದು? ಯಾವತ್ತ ಕೊಯ್ದದ್ದು?"

ನರಹರಿಯ ನಗು ಅರ್ಧಕ್ಕೆ ನಿಂತಿತು.

"ಗಂಗೂಬಾಯಿ ತೋಟಕ್ಕ ಹೋಗದೇ ಹಣ್ಣು ಹಾರಿ ಬಂತೇನ್ರೀ? ಆ ತುಂಡು ಒಂದು ಸಲ ಅಲ್ಲ, ಎರಡು ಸಲ ನಡದೀವಿ. ಹೋಗ್ತ ಒಂದು, ಬರ್ತ ಒಂದು. ನನಗ ಬಿಟ್ಟು ಬರೋ ಮನಸಿತ್ತು, ಸುಳ್ಳು ಯಾಕ ಹೇಳಲಿ. ಇವ ಬಿಡಲಿಲ್ಲ."

"ಸಾಕ್ಷೀನ ತಿಂದುಬಿಟ್ಟಿರಲ್ಲಾ ಕ್ಯಾಶಿಯರ್ ಸಾಹೇಬ್ರೇ!" ಉತ್ತಪ್ಪ ತೊಡೆ ತಟ್ಟಿ ನಕ್ಕ. ನಗು ಆಚೆ ದಡಕ್ಕೆ ಹೋಗಿ ವಾಪಸು ಬಂತು. ಅಲ್ಲೇ ನಿಂತು ಸಿಪಾಯಿಗೆ ಸೆಲ್ಯೂಟ್ ಹೊಡೆದು, ಲಾನ್ಸ್ ನಾಯಕನಾಗಿ ಬಡ್ತಿ ಕೊಟ್ಟ.

ಬಡ್ತಿ ಸಿಕ್ಕವನು ನೀರಿನಿಂದ ಎದ್ದು ಬಂದು ನರಹರಿಯ ಇಸ್ತ್ರಿ ಪ್ಯಾಂಟಿನ ಪಕ್ಕದಲ್ಲೇ ಮೈ ಕೊಡವಿದ. ಆಮೇಲೆ ಸಂಗಮದ ಅಂಚಿನ ಕಲ್ಲೊಂದನ್ನು ಆರಿಸಿ ಕಾಲೆತ್ತಿದ.

"ಇದೇನಿದು?" ನರಹರಿ ಹಿಂದೆ ಸರಿದ.

"ಮುಂದಿನ ವಾರ ಇಲ್ಲಿಂದ ಶುರು ಅಂತ," ಅಂದಳು ದೇಚಮ್ಮ.

ವತ್ಸಲಾ ನೀರು ಹರಿಯುವ ಕಡೆ ನೋಡಿದಳು. "ಸುಬೇದಾರ್ ಸಾಹೇಬ್ರ, ಈ ನೀರು ಎಲ್ಲಿಗೆ ಹೋಗ್ತದ?"

"ಗೋದಾವರಿಗಮ್ಮಾ. ಅಲ್ಲಿಂದ ಸೀದಾ ಸಮುದ್ರಕ್ಕೆ."

"ಹೌದಾ?" ಅಂದಳು ಅವಳು, ಬಿಚ್ಚಿದ ಬೂಟನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾ.

"ಬ್ಯಾಡ, ಬ್ಯಾಡ!" ನರಹರಿ ಎರಡೂ ಕೈ ಎತ್ತಿದ. "ನಾಳೆನ ಅರ್ಜಿ ಹಾಕ್ತೀನಿ. ಕಾರವಾರ. ಹುಬ್ಬಳ್ಳಿ ತನಕ ರೈಲು. ಇವಂಗ ಗಾರ್ಡ್ ಡಬ್ಬಿಯೊಳಗ ನಾಯಿ ಪೆಟ್ಟಿಗಿ ಇರ್ತದ." ಸಿಪಾಯಿಯ ಕಡೆ ನೋಡಿದ. "ಆದ್ರ ಹುಬ್ಬಳ್ಳಿಯಿಂದ ಕಾರವಾರಕ್ಕ ಬಸ್ಸು. ನಾಯಿ ಹತ್ತಸಂಗಿಲ್ಲ ಅಂದ್ರ?"

ವತ್ಸಲಾ ಟಿಫಿನ್ ಡಬ್ಬಿ ತೆಗೆದು ಮೊದಲ ಚಪಾತಿಯನ್ನು ಸಿಪಾಯಿಯ ಮುಂದೆ ಇಟ್ಟಳು.

"ಕಂಡಕ್ಟರ್ ವಿಚಾರ ನನಗ ಬಿಡ್ರಿ."