ತಾತನ ಬಂದೂಕು ಒಡೆದ ಬೂದುಗುಂಬಳ

ತಮಿಳುನಾಡಿನ ಉತ್ತಮಪಾಳಯಂ ಪಕ್ಕದ ನಮ್ಮೂರಿನಲ್ಲಿ ಬಾಳೆ ಹಾಕಿದವರಿಗೆಲ್ಲ ಒಂದೇ ಗೋಳು, ಕಾಡುಹಂದಿ. ಗಿಡ ಚಿಗುರುವಷ್ಟರಲ್ಲಿ ಬೆಟ್ಟದಿಂದ ಇಳಿದು ಬಂದು ಬುಡ ಬಗೆದು ಗಡ್ಡೆ ತಿಂದು ಹೋಗುತ್ತವೆ. ನಾವೆಲ್ಲ ತಗಡು ಬಡಿಯುತ್ತೇವೆ, ಹಳೇ ಸೀರೆ ಕಟ್ಟುತ್ತೇವೆ, ಬಾಯಿಗೆ ಬಂದಂತೆ ಬೈಯುತ್ತೇವೆ. ಪಕ್ಕದ ಮನೆಯ ಧನಪಾಲ್ ಮಾತ್ರ ಮೀಸೆ ತಿರುವುತ್ತಿದ್ದ. ಯಾಕೆಂದರೆ ಅವನ ಮನೆಯಲ್ಲಿ ಬಂದೂಕು ಇತ್ತು.

ಅದು ಅವನ ತಾತ ಮೂಕಯ್ಯನ ಕಾಲದ್ದು. ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ ಹಾಕಿ ಕೋಲಿನಿಂದ ದಟ್ಟಿಸಬೇಕು. ಆ ಬಂದೂಕಿನಿಂದ ಒಂದು ಹಂದಿಯೂ ಸತ್ತದ್ದು ನಾನು ಕಂಡಿಲ್ಲ. ಒಮ್ಮೆ ಹಾರಿಸಿದಾಗ ಅವನದೇ ಮೋಟಾರ್ ಶೆಡ್ಡಿನ ಹೆಂಚು ಬಿತ್ತು, ಇನ್ನೊಮ್ಮೆ ಅವನೇ ಬಿದ್ದ. ಆದರೂ ದೌಲತ್ತಿಗೇನೂ ಕಡಿಮೆ ಇರಲಿಲ್ಲ.

ಮುತ್ತುಸೆಲ್ವಿ ನಮ್ಮ ಮಹಿಳಾ ಸಂಘದ ಮುಖ್ಯಸ್ಥೆ. ಪೊಲೀಸರು ಕರೆದಿದ್ದ ಸಭೆ ಮುಗಿಸಿ ಬಂದವಳು ನೇರವಾಗಿ ನುಗ್ಗಿದ್ದು ಧನಪಾಲ್ ಮನೆಗೆ. ಕಾಫಿ ಸಿಗುತ್ತದೆಂದು ನಾನೂ ಹಿಂದೆಯೇ ಹೋದೆ.

"ಅಣ್ಣಾ, ಲೈಸೆನ್ಸ್ ಇಲ್ದ ಬಂದೂಕ ಮಡಿಕ್ಕೊಂಡಿರೋರು ಅವರಾಗೇ ಒಪ್ಪಿಸ್ಬುಡ್ಬೇಕಂತೆ. ಈ ತಿಂಗಳೊಳಗೆ ಕೊಟ್ರೆ ಕೇಸ್ ಇಲ್ಲ ಅಂತ ಇನ್ಸ್‌ಪೆಕ್ಟರೇ ಯೋಳುದ್ರು," ಎಂದಳು.

"ಯಾರಿಗೆ ಲೈಸೆನ್ಸ್ ಇಲ್ಲ? ಅಲ್ನೋಡು ತಂಗಚ್ಚಿ!" ಎಂದು ಧನಪಾಲ್ ಗೋಡೆ ತೋರಿಸಿದ.

ಮುರುಗನ ಪಟಕ್ಕೂ ಲಕ್ಷ್ಮಿಯ ಪಟಕ್ಕೂ ನಡುವೆ ತಾತನ ಲೈಸೆನ್ಸ್ ಕಟ್ಟು ಹಾಕಿಸಿಕೊಂಡು, ಕುಂಕುಮ ಇಡಿಸಿಕೊಂಡು ಕೂತಿತ್ತು.

"ಇದು ಮೂಕಯ್ಯ ತಾತನ ಎಸ್ರುನಾಗೈತೆ. ಅವ್ರು ತೀರೋಗಿ ಎಷ್ಟು ವರ್ಸ ಆಯ್ತು?"

"ಇಪ್ಪತ್ತಾರು. ಅದುಕ್ಕೇನು? ತೋಟ ನಂಗೆ ಬರ್ಲಿಲ್ವಾ? ಮನೆ ಬರ್ಲಿಲ್ವಾ? ಲೈಸೆನ್ಸೂ ಅಂಗೇ."

"ತಾತ ತಕ್ಕೊಂಡ ಬಸ್ ಟಿಕೆಟ್‌ನಾಗ ನೀವು ದಿಂಡಿಗಲ್‌ಗೆ ಓಗಾಕಾಯ್ತದಾ? ಲೈಸೆನ್ಸ್ ಕೊಡೋದು ಆಳಿಗೆ ಅಣ್ಣಾ, ಮನೆಗಲ್ಲ. ಆ ಆಳು ತೀರೋದ ಮ್ಯಾಕೆ ಬಂದೂಕ ಒಪ್ಪಿಸ್ಬೇಕು. ಬೇಕೇ ಬೇಕು ಅಂದ್ರೆ ನಿಮ್ಮ ಎಸ್ರಿಗೆ ಅರ್ಜಿ ಹಾಕ್ಬೇಕು. ಸುಮ್ನೆ ಮಡಿಕ್ಕೊಂಡ್ರೆ ಜೈಲು."

ಅಷ್ಟರಲ್ಲಿ ಧನಪಾಲ್‌ನ ತಾಯಿ ಕರುಪ್ಪಾಯಿ ಒಳಗಿಂದ ಬಂದಳು. "ಏ ಸೆಲ್ವಿ, ಅದು ನಮ್ಮ ಮಾವನ ಮರಿಯಾದೆ. ಬಂದೂಕ ಓದ್ರೆ ಮನೆಗೆ ಕಳ್ಳ ಬತ್ತಾನೆ."

"ದೊಡ್ಡವ್ವಾ, ಕಳ್ಳ ಬಂದ್ರೆ ಅಣ್ಣ ಮದ್ದು ಹಾಕಿ, ಚರೆ ಹಾಕಿ, ದಟ್ಸೋವಷ್ಟರಾಗ ಅಂವ ನಿಮ್ಮನೆ ಕಾಫಿ ಕುಡ್ದು ಲೋಟ ತೊಳ್ದು ಓಗಿರ್ತಾನೆ."

"ಮತ್ತೆ ಹಂದಿಗೇನ್ ಮಾಡ್ಲಿ?" ಎಂದ ಧನಪಾಲ್.

"ಹಾಳಾದ ಗಿಡದ ಫೋಟೋ ತಗೀರಿ. ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ. ಬರೆಯೋಕೆ ನಾನಿವ್ನಿ. ಮನೆಯಾಗ ಏಳು ವರ್ಸದ ಕೂಸು ಐತೆ, ಅದ್ನ ಯೋಚ್ನೆ ಮಾಡಿ."

"ಬಂದೂಕಿನ ಪೆಟ್ಗೆಗೆ ದಿಂಡಿಗಲ್ ಬೀಗ ಹಾಕಿವ್ನಿ. ಆನೆ ಎಳುದ್ರೂ ಬರಲ್ಲ."

ಬೀಗ ನಿಜಕ್ಕೂ ಒಳ್ಳೆಯದೇ. ಆದರೆ ಬೀಗದ ಕೈ ಕಳೆದುಹೋಗಬಾರದೆಂದು ಅದೇ ಪೆಟ್ಟಿಗೆಯ ಪಕ್ಕದ ಮೊಳೆಗೆ, ಮಗಳು ಯುವಶ್ರೀಗೂ ಎಟುಕುವ ಹಾಗೆ ನೇತುಹಾಕಿದ್ದ. ಮುತ್ತುಸೆಲ್ವಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ಚಚ್ಚಿಕೊಂಡು ಎದ್ದು ಬಂದಳು. ನನ್ನ ಕಾಫಿ ಅರ್ಧಕ್ಕೇ ಉಳಿಯಿತು.

ಮುಂದಿನ ವಾರ ಆಯುಧ ಪೂಜೆ. ಧನಪಾಲ್ ಮನೆಯಲ್ಲಿ ಗುದ್ದಲಿ, ಕುಡುಗೋಲು, ಮಿಕ್ಸಿ, ಇಡ್ಲಿ ಪಾತ್ರೆ, ಯುವಶ್ರೀಯ ಪೆನ್ಸಿಲ್ ಡಬ್ಬಿ, ಎಲ್ಲಕ್ಕೂ ಗಂಧದ ಬೊಟ್ಟು. ಹಾಗಿರುವಾಗ ಮಾವನ ಬಂದೂಕನ್ನು ಕರುಪ್ಪಾಯಿ ಬಿಟ್ಟಾಳೆಯೇ? ಹೊರಗೆ ತೆಗೆದು, ಎಣ್ಣೆ ಹಚ್ಚಿ ಮಿರಮಿರ ಒರೆಸಿ, ನಡುಮನೆಯಲ್ಲಿ ದಿಂಬಿನ ಮೇಲೆ ಒರಗಿಸಿದಳು. ನಳಿಗೆಗೆ ನಿಲಕ್ಕೋಟ್ಟೈ ಮಲ್ಲಿಗೆ ಸುತ್ತಿದಳು. ಬಂದೂಕಿನ ಬಾಯಿ ಬಾಗಿಲ ಕಡೆ, ಬೀದಿಯ ಕಡೆ ಇತ್ತು.

ಹತ್ತು ದಿನದ ಹಿಂದೆ ಧನಪಾಲ್ ಹಂದಿಗೆಂದು ಅದಕ್ಕೆ ಮದ್ದು ತುಂಬಿದ್ದ. ಹಂದಿ ಬರಲಿಲ್ಲ, ಇವನಿಗೆ ನಿದ್ದೆ ಬಂತು. ನಾಳೆ ತೆಗೆದರಾಯಿತು ಅಂದುಕೊಂಡು ಹಾಗೇ ಪೆಟ್ಟಿಗೆಗಿಟ್ಟವನು ಮರೆತೇಬಿಟ್ಟಿದ್ದ. ಮನೆಯಲ್ಲಿ ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ.

ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಸೀಟಿನ ಮೇಲೆ ಯುವಶ್ರೀ ಸ್ಟೀರಿಂಗ್ ಹಿಡಿದು ರಾಣಿಯ ಹಾಗೆ ಕೂತಿದ್ದಳು. ಧನಪಾಲ್ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಟ್ರ್ಯಾಕ್ಟರಿಗೆ ಸುತ್ತಿ ದೃಷ್ಟಿ ತೆಗೆಯುತ್ತಿದ್ದ. ನಮ್ಮಲ್ಲಿ ಕುಂಬಳಕಾಯಿಯೊಳಗೆ ಕುಂಕುಮದ ಜೊತೆ ಕಾಸು ಹಾಕಿರುತ್ತೇವೆ. ಒಡೆದ ಕೂಡಲೇ ಮಕ್ಕಳು ಮುಗಿಬಿದ್ದು ಆಯುತ್ತವೆ. ಮೂರನೇ ಸುತ್ತು ಮುಗಿಯಿತು. ಎದುರುಮನೆಯ ಹುಡುಗ ಸೂರ್ಯ ಆಗಲೇ ಮುಂದೆ ಬಂದು ನಿಂತದ್ದನ್ನು ನೋಡಿದ ಯುವಶ್ರೀ ಸೀಟಿನಿಂದ ಧುಮುಕಿ ಬೀದಿಯಂಚಿಗೆ ಓಡಿದಳು. ಧನಪಾಲ್ ಕಾಯಿಯನ್ನು ತಲೆಯ ಮೇಲೆ ಎತ್ತಿದ.

ಒಳಗೆ ಕರುಪ್ಪಾಯಿಗೆ ಬಂದೂಕಿನ ಕುದುರೆಗೊಂದು, ಅಂದರೆ ಬಡಿದು ಮದ್ದು ಹೊತ್ತಿಸುವ ಕೊಕ್ಕೆಗೊಂದು, ಬೊಟ್ಟು ಇಡುವುದು ಬಾಕಿ ಇತ್ತು. ಅದರ ಮೂತಿಗೆ ಇಡೋಣವೆಂದು ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆ ಎಳೆದಳು. ಬೆರಳೆಲ್ಲ ಎಣ್ಣೆ, ಜಾರಿತು.

ಢಮಾರ್!

ಧನಪಾಲ್ ಎಸೆಯುವ ಮೊದಲೇ ಕುಂಬಳಕಾಯಿ ಮಾಯ. ಎರಡೂ ಕೈ ಮೇಲೆತ್ತಿಕೊಂಡು, ತಲೆಯಿಂದ ಕುಂಕುಮ, ತಿರುಳು, ಬೀಜ ಸುರಿಸಿಕೊಂಡು ನಿಂತಿದ್ದ. ಬೆರಳೆಲ್ಲ ಉಳಿದದ್ದೇ ಪುಣ್ಯ. ನನ್ನ ಹೊಸ ಸೀರೆಗೂ ಒಂದು ಹಿಡಿ ಬಿತ್ತು. ಬೀದಿಯವರು ಚಪ್ಪಾಳೆ ತಟ್ಟಿದರು: "ಈ ವರ್ಸ ಧನಪಾಲ್ ಜೋರಾಗೇ ಒಡ್ದ!" ಒಳಗೆ ಹೊಗೆಯ ನಡುವೆ ಕರುಪ್ಪಾಯಿ ಕೈಮುಗಿದು ಕೇಳುತ್ತಿದ್ದಳು: "ಮಾವಾ, ಮಲ್ಲಿಗೆ ಕಮ್ಮಿ ಆಯ್ತಾ?"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಧನಪಾಲ್‌ನ ಹೆಂಡತಿ ಸುಬ್ಬುಲಕ್ಷ್ಮಿ ಬಟ್ಟೆ ತಗೊಂಡು ಟ್ರ್ಯಾಕ್ಟರ್ ಒರೆಸಲು ಹೋದಳು, ಹೋದವಳು ಅಲ್ಲೇ ನಿಂತಳು. ಸೀಟಿನ ಬೆನ್ನಿನಲ್ಲಿ ಏಳು ತೂತು. ಒಂದೊಂದಕ್ಕೂ ಬೆರಳಿಟ್ಟು ನೋಡಿದಳು. ಯುವಶ್ರೀ ಕೂತಿದ್ದರೆ ಅವಳ ಎದೆ ಇರುತ್ತಿದ್ದ ಜಾಗ ಅದು.

ಧನಪಾಲ್ ಓಡಿಹೋಗಿ ಮಗಳನ್ನು ಎತ್ತಿ ತಬ್ಬಿಕೊಂಡ. ಇಳಿಸಲೇ ಇಲ್ಲ.

"ಅಪ್ಪಾ, ಬುಡು! ಕಾಸೆಲ್ಲ ಸೂರ್ಯ ಎತ್ಕೊಂತಾವ್ನೆ!" ಎಂದು ಅವಳು ಒದ್ದಾಡುತ್ತಿದ್ದಳು.

ಕರುಪ್ಪಾಯಿ ಬಂದೂಕು ಹಿಡಿದುಕೊಂಡೇ ಹೊಸಿಲಿಗೆ ಬಂದಳು. ತೂತು ನೋಡಿದಳು, ಮೊಮ್ಮಗಳನ್ನು ನೋಡಿದಳು. "ಮಾವ ಇದ್ದಿದ್ರೆ ಮೊದ್ಲು ಆ ಕೂಸ್ನ ಎತ್ಕೊಂತಿದ್ರು, ಇದ್ನಲ್ಲ. ನಾನು ಮುದ್ಕಿ, ಇದ್ಕೆ ಹೂ ಮುಡುಸ್ದೆ," ಎಂದು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಬಂದೂಕಿಗೆ ಹಳೇ ಸೀರೆ ಸುತ್ತಿದಳು. "ಟೌನ್ ಬಸ್ ಬರೋ ಒತ್ತಾಯ್ತು. ನಾನೇ ಓಗಿ ಸ್ಟೇಷನ್‌ಗೆ ಕೊಟ್ಟು ಬತ್ತೀನಿ."

"ಅಯ್ಯೋ ದ್ಯಾವ್ರೇ!" ಸದ್ದು ಕೇಳಿ ಓಡಿಬಂದಿದ್ದ ಮುತ್ತುಸೆಲ್ವಿ ಬಾಯಿ ಬಡಿದುಕೊಂಡಳು. "ದೊಡ್ಡವ್ವಾ, ಮೊದ್ಲು ಕೆಳಗಿಡಿ! ಬಸ್ಸಾಗ ತಕ್ಕೊಂಡು ಓಗಬಾರ್ದು. ಯಾರೂ ಮುಟ್ಬ್ಯಾಡಿ. ಫೋನ್ ಮಾಡುದ್ರೆ ಅವ್ರೇ ಬತ್ತಾರೆ."

ಫೋನ್ ಮಾಡಿದ್ದು ಧನಪಾಲ್. ಮಗಳು ಇನ್ನೂ ಅವನ ಸೊಂಟದ ಮೇಲೇ ಇದ್ದಳು. ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಗಂಧ, ಕುಂಕುಮ, ಮಲ್ಲಿಗೆ ನೋಡಿ ಹಿರಿಯವರು ಬೂಟು ಬಿಚ್ಚಿಟ್ಟೇ ಒಳಗೆ ಬಂದರು. ನಳಿಗೆ ಪರೀಕ್ಷಿಸಿ, ಎಲ್ಲ ಬರೆದುಕೊಂಡು, ರಸೀದಿ ಕೊಟ್ಟು, ಬಂದೂಕು ತಗೊಂಡು ಹೋದರು. ಕೊಟ್ಟ ಗಡುವಿನೊಳಗೆ ತಾನಾಗಿ ಒಪ್ಪಿಸಿದ್ದರಿಂದ ಕೇಸ್ ಆಗಲಿಲ್ಲ. ಹಂದಿಯ ಅರ್ಜಿಯನ್ನು ಮುತ್ತುಸೆಲ್ವಿ ಮಾರನೆಯ ದಿನವೇ ಬರೆದುಕೊಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಟ್ಟದ ಮೇಲೋ ತೋಟದ ಶೆಡ್ಡಿನಲ್ಲೋ ಇಂಥದ್ದೊಂದು ಇದ್ದರೆ ಅದು ತಾತನ ಮರ್ಯಾದೆ ಅಲ್ಲ, ಮನೆಗೆ ಕಾವಲೂ ಅಲ್ಲ. ಮದ್ದು ತುಂಬಿಲ್ಲ ಎಂದು ನಂಬಬೇಡಿ, ಕರುಪ್ಪಾಯಿಯೂ ನಂಬಿದ್ದಳು. ಮುಟ್ಟಬೇಡಿ, ಹೊತ್ತುಕೊಂಡು ಹೊರಡಬೇಡಿ, ಮಕ್ಕಳನ್ನು ದೂರ ಇಟ್ಟು ಪೊಲೀಸರಿಗೆ ತಿಳಿಸಿ. ಒಂದು ಐದು ರೂಪಾಯಿ ಕಾಸಿನ ಆಸೆಗೆ ಯುವಶ್ರೀ ಸೀಟಿನಿಂದ ಇಳಿದಳು. ಅದಕ್ಕೇ ಈ ಕಥೆಯನ್ನು ನಾನು ನಗುತ್ತಾ ಹೇಳುತ್ತಿದ್ದೇನೆ. ನಿಮ್ಮ ಮಗು ಇಳಿಯುತ್ತದೋ ಇಲ್ಲವೋ ಎಂದು ಕಾಯಬೇಡಿ, ಇವತ್ತೇ ಫೋನ್ ಮಾಡಿ.