ಪಂಕ್ತಿಯ ಮೇಲಿನ ಹಿಮ

ಅಮೆರಿಕದ ಬೋಲಿಂಗ್‌ಬ್ರೂಕಿನ ಹಳೆಯ ಗೋದಾಮಿನ ಹಾಲ್‌ನಲ್ಲಿ ಕನ್ನಡ ಕೂಟದ ಸಂಕ್ರಾಂತಿಯ ಪಂಕ್ತಿ ಕೂತಿತ್ತು. ವಾರವೆಲ್ಲ ಬಿದ್ದ ಹಿಮದ ಮೇಲೆ ಬೆಳಗಿನಿಂದ ಮಳೆ ಹೊಯ್ಯುತ್ತಿತ್ತು. ನಿಹಾರಿಕಾ ಮಾತ್ರ ಊಟಕ್ಕೆ ಕೂರದೆ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದಿದ್ದಳು. ಕಟ್ಟಡಗಳು ಎಷ್ಟು ಭಾರ ಹೊರುತ್ತವೆ ಎಂದು ಲೆಕ್ಕ ಹಾಕುವುದೇ ಪಕ್ಕದ ಊರು ಲಿಸ್ಲ್‌ನಲ್ಲಿ ಅವಳ ಕೆಲಸ. ಬರುವಾಗಲೇ ಕಂಡಿತ್ತು: ಪಕ್ಕದಲ್ಲಿ ಹೊಸದಾಗಿ ಎದ್ದ ಎತ್ತರದ ಕಟ್ಟಡದಿಂದ ಗಾಳಿ ಹಿಮವನ್ನೆಲ್ಲ ತಂದು ಈ ತಗ್ಗು ಚಾವಣಿಯ ಒಂದೇ ಬದಿಗೆ ರಾಶಿ ಹಾಕಿತ್ತು. ಚಾವಣಿಗೊಂದು ಗಣಿತದ ಮಾದರಿ ಕಟ್ಟಿ, ರಾಶಿಯ ಎತ್ತರ, ನೀರಿನ ಭಾರ ಎಲ್ಲ ಸೇರಿಸಿದಳು. ಉತ್ತರ ನೋಡಿದ್ದೇ ಲ್ಯಾಪ್‌ಟಾಪ್ ಬಿಟ್ಟು ಪಂಕ್ತಿಯ ಕಡೆಗೆ ಓಡಿದಳು.

ಕೂಟದ ಹಿರಿಯ ಬದರೀನಾಥ ಸಾರು ಬಡಿಸುತ್ತಿದ್ದರು.

"ಅಂಕಲ್, ಎಲ್ಲರನ್ನೂ ಈಗಲೇ ಹೊರಗೆ ಕಳಿಸ್ಬೇಕು. ಹಿಮ ರಾಶಿ ಬಿದ್ದಿರೋ ಕಡೆ ಚಾವಣಿ ಹೊತ್ತಿರೋ ತೊಲೆ ತಡೆಯಲ್ಲ."

"ಉಣ್ಣೋಕೆ ಕೂತವರನ್ನ ಎಬ್ಬಿಸೋದೇನಮ್ಮಾ! ನಿನ್ನ ಕಂಪ್ಯೂಟರ್‌ಗೆ ಹಸಿವಾಗಿದ್ರೆ ಹೇಳು, ಅದಕ್ಕೂ ಒಂದು ಎಲೆ ಹಾಕ್ತೀನಿ. ಈ ಬಿಲ್ಡಿಂಗ್ ಇದಕ್ಕಿಂತ ಜಾಸ್ತಿ ಹಿಮ ನೋಡಿದೆ."

"ಆಗ ಪಕ್ಕದ ಬಿಲ್ಡಿಂಗ್ ಇರ್ಲಿಲ್ಲ ಅಂಕಲ್."

"ಲೆಕ್ಕ ತಪ್ಪಿದ್ರೆ?"

"ತಪ್ಪಿರಬಹುದು. ನೋಡೇಬಿಡೋಣ. ಸರಿಯಿದ್ರೆ ತೊಲೆ ನಡುವೆ ಎರಡು ಇಂಚು ಬಾಗಿರ್ಬೇಕು."

ತೋರಣ ಕಟ್ಟಿದ್ದ ಚೇತನ್ ಏಣಿ ತಂದ. ಇಬ್ಬರೂ ಉಕ್ಕಿನ ತೊಲೆಯ ತುದಿಯಿಂದ ತುದಿಗೆ ದಾರ ಬಿಗಿದರು. ನಡುವೆ ತೊಲೆ ದಾರಕ್ಕಿಂತ ನಾಲ್ಕು ಇಂಚು ಕೆಳಗಿತ್ತು.

"ನಾಲ್ಕು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?" ಬದರೀನಾಥರ ದನಿ ಇಳಿದಿತ್ತು.

"ನನ್ನ ಲೆಕ್ಕಕ್ಕಿಂತ ಕೆಟ್ಟದ್ದು."

ಕೂಗಿದರೆ ಜನ ಇದ್ದೊಂದು ಬಾಗಿಲಿಗೇ ನುಗ್ಗುತ್ತಾರೆ, ನಡುವೆ ಮಕ್ಕಳಿದ್ದಾರೆ. ಬದರೀನಾಥ ಪಂಕ್ತಿಯ ತಲೆಗೆ ಹೋಗಿ, ಎಲ್ಲರಿಗಿಂತ ಹಿರಿಯರಾದ ಹೃಷೀಕೇಶ ರಾಯರ ಕಿವಿಯಲ್ಲಿ ಪಿಸುಗುಟ್ಟಿದರು. ರಾಯರು ಒಮ್ಮೆ ಮೇಲೆ ನೋಡಿದರು. ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎಲೆ ಮಡಿಸಿ ಎದ್ದರು. ಹಿರಿಯರು ಎದ್ದ ಮೇಲೆ ಕೂತಿರುವವರು ಯಾರು? ಸಾಲಿಗೆ ಸಾಲೇ ಎದ್ದಿತು.

"ಮೊಸರನ್ನವೇ ಬಂದಿಲ್ಲ!" ಯಾರೋ ಗೊಣಗಿದರು.

"ಪಾರ್ಕಿಂಗ್ ಲಾಟಲ್ಲಿ ಬಡಿಸ್ತಾರಂತೆ, ನಡೀರಯ್ಯಾ," ಎಂದರು ರಾಯರು. ನಗುತ್ತಲೇ ಜನ ಹೊರಗೆ ನಡೆದರು. ನಿಹಾರಿಕಾ ನಗಲಿಲ್ಲ; ಬಾಗಿಲು ಹಿಡಿದು, ದಾಟುವ ಒಬ್ಬೊಬ್ಬರ ಬೆನ್ನಿಗೂ ಕೈಯಿಟ್ಟು ಮುಂದಕ್ಕೆ ಒತ್ತುತ್ತಿದ್ದಳು. ಕೊನೆಗೆ ಅಡುಗೆಮನೆಯಿಂದ ಪದ್ಮ ಆಂಟಿ ಸೆರಗು ಸಿಕ್ಕಿಸಿಕೊಳ್ಳುತ್ತ ಬಂದರು. ಅವರ ಹಿಂದೆಯೇ ತಾನೂ ಹೊರಬಿದ್ದಳು.

ಒಳಗೆ ಏನೋ ಪಟ್ಟೆಂದು ಸಿಡಿಯಿತು. ಹಿಮದ ರಾಶಿಯಿದ್ದ ಬದಿಯ ಚಾವಣಿ, ದಣಿದ ಎಮ್ಮೆ ಮಲಗುವ ಹಾಗೆ, ಎಲೆಗಳ ಮೇಲೆ ಕುಸಿದು ಕೂತಿತು.

ಬದರೀನಾಥ ಮಳೆಯಲ್ಲಿ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸುತ್ತ ಹೋದರು. ಎಲ್ಲರೂ ಇದ್ದರು.