ಕೊಂಡಿ ನೆಗೆಯಬೇಕು

ದೊಡ್ಡಳಿಯನ ಪಾಸ್‌ಪೋರ್ಟಿನಲ್ಲಿ ಒಂದು ವ್ಯಾಪಾರದ ವೀಸಾ ಇತ್ತು. ಇತ್ತು ಅಷ್ಟೇ. ಅದು ಒಮ್ಮೆಯೂ ವಿಮಾನದ ಮುಖ ಕಂಡಿರಲಿಲ್ಲ. ಮಾವನ ಬೀಗದ ಕಾರ್ಖಾನೆಗೆ ಹೊರದೇಶದ ಗಿರಾಕಿ ಮೊದಲ ಸಲ ಸಿಕ್ಕಾಗ ಹೋಗಬೇಕಾಗಿದ್ದವನು ಇವನೇ. ವೀಸಾ ಬಂತು, ಸೂಟ್‌ಕೇಸ್ ಬಂತು, ನೆಂಟರಿಷ್ಟರೆಲ್ಲ ಬಂದು ಹರಸಿ ಹೋದರು. ಹೊರಡುವ ಹೊತ್ತಿಗೆ ಸರಿಯಾಗಿ ಕಾಮಾಲೆಯೂ ಬಂತು. ಇವನು ಹಳದಿ ಕಣ್ಣು ಬಿಟ್ಟುಕೊಂಡು ಮಂಚದ ಮೇಲೆ ಬಿದ್ದಿರುವಾಗ, ಆಗಷ್ಟೇ ಆ ಮನೆಯ ಅಳಿಯನಾಗಿದ್ದ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅವಸರದಲ್ಲಿ ತನ್ನ ಹೆಸರಿಗೊಂದು ವೀಸಾ ಮಾಡಿಸಿಕೊಂಡು ಹೋಗಿಬಂದ. ಗಿರಾಕಿಗೆ ಅವನು ಹಿಡಿಸಿಬಿಟ್ಟ. ಅಲ್ಲಿಂದ ಮುಂದೆ ಪ್ರತಿ ಸಲವೂ ಅವನೇ.

ಹೋದವನು ಸುಮ್ಮನೆ ಬರುತ್ತಿದ್ದನೇ? ಅತ್ತೆಗೆ ಹಗುರಾದ ಚಪ್ಪಲಿ, ಮಾವನ ಮಂಡಿನೋವಿಗೆ ಪಟ್ಟಿ, ಮಕ್ಕಳಿಗೆ ಚಾಕಲೇಟು. ದೊಡ್ಡಳಿಯನಿಗೂ ಒಂದು ಶೇವಿಂಗ್ ಕ್ರೀಮು. ಅದನ್ನು ಇವನು ಒಂದು ದಿನವೂ ಹಚ್ಚಿಕೊಳ್ಳಲಿಲ್ಲ, ಬಿಸಾಡಲೂ ಇಲ್ಲ. ಷಡ್ಡಕನ ಸೂಟ್‌ಕೇಸಿಗೆ ಅಂಟಿಸಿದ್ದ ವಿಮಾನದ ಚೀಟಿಗಳನ್ನು ಯಾರೂ ಕೀಳುತ್ತಿರಲಿಲ್ಲ, ಅವು ಗೋಡೆಯ ಫೋಟೋಗಳಷ್ಟೇ ಗೌರವದಿಂದ ನಡುಮನೆಯಲ್ಲಿ ನಿಂತಿರುತ್ತಿದ್ದವು. ಅತ್ತೆ ಎರಡನೇ ಸಲ ಬಡಿಸುವಾಗ ಸೌಟು ಮೊದಲು ಯಾವ ತಟ್ಟೆಯ ಕಡೆ ವಾಲುತ್ತದೆ ಎನ್ನುವುದನ್ನು ದೊಡ್ಡಳಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಸ್ವಂತ ಮಗಳು ಕೂಡ "ಚಿಕ್ಕಪ್ಪ ಬಂದ್ರು" ಎಂದು ಬಾಗಿಲಿಗೆ ಓಡುತ್ತಿದ್ದಳು. ಹೊಟ್ಟೆಕಿಚ್ಚು ಎಂದು ಬೇರೆಯವರು ಹೇಳಬೇಕಾಗಿರಲಿಲ್ಲ, ಹೊಟ್ಟೆ ಉರಿಯುತ್ತಿರುವುದು ಇವನಿಗೇ ಚೆನ್ನಾಗಿ ಗೊತ್ತಿತ್ತು.

ಈಗ ದೊಡ್ಡಳಿಯನ ಆ ವೀಸಾದ ಅವಧಿ ತೀರುವುದರಲ್ಲಿತ್ತು. ಅದೇ ಹೊತ್ತಿಗೆ ಗಿರಾಕಿ ದೊಡ್ಡ ಮಾತು ಎತ್ತಿದ್ದ. ತನ್ನ ಗೋದಾಮುಗಳಿಗೆಲ್ಲ ಇನ್ನು ಮುಂದೆ ಇವರ ಬೀಗವೇ, ಆದರೆ ಮೊದಲು ಗೋದಾಮು ಬೀಗದ ನಮೂನೆ ನೋಡಬೇಕು. ಈ ವ್ಯಾಪಾರ ಕುದುರಿದರೆ ಕಾರ್ಖಾನೆಯ ಹಿಂದಿನ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿನ ಕೆಲಸಗಾರರನ್ನು ಮನೆಗೆ ಕಳಿಸಬೇಕು. ಕುದುರಿಸಿಕೊಂಡು ಬಂದವರೇ ಇನ್ನು ಮೇಲೆ ಹೊರದೇಶದ ವ್ಯವಹಾರ ನೋಡಿಕೊಳ್ಳಲಿ ಎಂದು ಮಾವ ಊಟದ ಮನೆಯಲ್ಲಿ ಹೇಳಿಬಿಟ್ಟರು. ಹೇಳುವಾಗ ಅವರ ಕಣ್ಣು ಚಿಕ್ಕಳಿಯನ ಮೇಲಿತ್ತು.

"ಅಪ್ಪಾ, ಇವರ ವೀಸಾ ಈ ತಿಂಗಳು ಮುಗಿಯತ್ತೆ. ಒಂದ್ಸಲನಾದ್ರೂ ಇವರೂ ಹೋಗಿ ಬರ್ಲಿ," ಎಂದಳು ದೊಡ್ಡಳಿಯನ ಹೆಂಡತಿ.

"ವೀಸಾ ಮುಗಿಯತ್ತೆ ಅಂತ ವ್ಯಾಪಾರ ಮಾಡೋಕಾಗತ್ತೇನಮ್ಮ?" ಎಂದರು ಮಾವ. ಅಲ್ಲಿಗೆ ಮಾತು ಮುಗಿಯಿತು. ದೊಡ್ಡಳಿಯ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ.

ಆ ಕಾರ್ಖಾನೆಗೊಂದು ಪದ್ಧತಿ ಇತ್ತು. ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದ ಮೇಲೆ ಕೈ ಎತ್ತಿಬಿಡಬೇಕು. ಕೊಂಡಿ ತಾನಾಗಿಯೇ ಟಣ್ಣನೆ ನೆಗೆಯಬೇಕು. ಕೈಯಿಂದ ಎಳೆದರೆ ಅದು ಮಾವನ ಪಾಲಿಗೆ ಬೀಗವಲ್ಲ, ತೂಕದ ಕಲ್ಲು. ಗಿರಾಕಿಯ ಮುಂದೆಯೂ ಹೀಗೇ ತೋರಿಸಬೇಕು. ನಮೂನೆಯ ಪೆಟ್ಟಿಗೆಗೆ ಮಾವ ತಾವೇ ದಾರ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆ ಒಡೆಯುವುದು ಗಿರಾಕಿಯ ಕಣ್ಣೆದುರಿಗೇ. ದಾರಿಯಲ್ಲಿ ಒಡೆದರೆ ಪೆಟ್ಟಿಗೆ ವಾಪಸು, ಮಾತೂ ವಾಪಸು.

ಮುದ್ರೆ ಒತ್ತುವ ಹಿಂದಿನ ಸಂಜೆ ಎಲ್ಲರೂ ಕಾಫಿಗೆ ಹೋಗಿದ್ದಾಗ ದೊಡ್ಡಳಿಯ ಒಬ್ಬನೇ ಕೆಲಸದ ಮೇಜಿನ ಹತ್ತಿರ ನಿಂತಿದ್ದ. ಪರೀಕ್ಷೆ ಮುಗಿದ ಗೋದಾಮು ಬೀಗ ಅಲ್ಲೇ ಇತ್ತು. ನಾಳಿದ್ದು ಷಡ್ಡಕ ಅದನ್ನು ಹಿಡಿದುಕೊಂಡು ಹೋಗುತ್ತಾನೆ, ಕೊಂಡಿ ನೆಗೆಯುತ್ತದೆ, ಎಲ್ಲರೂ ಅವನನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಇವನ ಕೈ ತಡೆಯಲಿಲ್ಲ. ಬೀಗದ ಹಿಂಬದಿಯ ತಿರುಪು ಬಿಚ್ಚಿ ಒಳಗಿನ ಸ್ಪ್ರಿಂಗ್ ತೆಗೆದ. ರಿಪೇರಿಗೆ ಬಂದ ಯಾವುದೋ ಮುದಿ ಬೀಗದ ಸೋತ ಸ್ಪ್ರಿಂಗನ್ನು ಒಳಗಿಟ್ಟು ತಿರುಪು ಬಿಗಿದ. ಮೇಜಿನ ಧೂಳಿನಲ್ಲಿ ಬೆರಳಿನ ಎಣ್ಣೆ ಒರೆಸಿಕೊಂಡು, ಏನೂ ಆಗದವನಂತೆ ಹೋಗಿ ತಣ್ಣಗಾದ ಕಾಫಿ ಕುಡಿದ. ಹಿಂದಿನ ಶೆಡ್ಡಿನವರ ನೆನಪು ಅವನಿಗೆ ಬರಲಿಲ್ಲವೇ? ಬಂತು. ಬಂದದ್ದನ್ನು ಕಾಫಿಯ ಜೊತೆಗೇ ನುಂಗಿದ.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದರು. ಪೆಟ್ಟಿಗೆ ಮುಚ್ಚಿತು, ಮುದ್ರೆ ಬಿತ್ತು. ಅರಗು ಇನ್ನೂ ಆರಿರಲಿಲ್ಲ, ಚಿಕ್ಕಳಿಯ ಬಾಯಿಬಿಟ್ಟ.

"ಮಾವ, ಈ ಸಲ ಅಣ್ಣ ಹೋಗ್ಲಿ. ನನ್ನ ವೀಸಾ ಎಲ್ಲೂ ಓಡ್ಹೋಗಲ್ಲ. ಅವರದು ಸುಮ್ನೆ ದಂಡ ಆಗತ್ತೆ."

ದೊಡ್ಡಳಿಯ ಪೆಟ್ಟಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಬೇಡ ಬೇಡ, ನೀನೇ ಹೋಗಯ್ಯ, ಗಿರಾಕಿಗೆ ನೀನೇ ಪರಿಚಯ," ಎಂದು ತೊದಲಿದ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಳು. "ರೀ, ಇಷ್ಟು ವರ್ಷ ಬಾಯ್ಬಾಯಿ ಬಡ್ಕೊಂಡ್ರಲ್ಲ, ಈಗೇನು ನಾಚಿಕೆ?" ಎಂದು ಎಲ್ಲರಿಗೂ ಕೇಳುವಂತೆಯೇ ಪಿಸುಗುಟ್ಟಿದಳು. ಮಾವ ಇಬ್ಬರನ್ನೂ ನೋಡಿ, "ಸರಿ ಅಳಿಯಂದ್ರೆ, ಹೋಗ್ಬನ್ನಿ," ಎಂದು ಬೆನ್ನು ತಟ್ಟಿ ಪೆಟ್ಟಿಗೆಯನ್ನು ಇವನ ಕೈಗೆ ಕೊಟ್ಟರು. ಕನಸಿನಲ್ಲಿ ಎಷ್ಟೋ ಸಲ ಹಿಡಿದ ಪೆಟ್ಟಿಗೆ ಇಷ್ಟು ಭಾರ ಇರುತ್ತದೆಂದು ಅವನಿಗೆ ತಿಳಿದಿರಲಿಲ್ಲ.

ಪರದೇಶದ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುವಿದ. ಈ ವೀಸಾ ಇನ್ನೇನು ಮುಗಿಯುತ್ತಿದೆ, ಆ ದಿನದೊಳಗೆ ದೇಶ ಬಿಡಬೇಕು, ಇಷ್ಟು ವರ್ಷ ಬರದೆ ಕೊನೆಗಳಿಗೆಯಲ್ಲಿ ಏಕೆ ಬಂದಿರಿ ಎಂದು ಕೇಳಿದ. ಅದನ್ನು ನನ್ನ ಷಡ್ಡಕನನ್ನು ಕೇಳಿ ಎನ್ನುವ ಮಾತು ದೊಡ್ಡಳಿಯನ ನಾಲಿಗೆಯ ತುದಿಗೆ ಬಂದಿತ್ತು. "ವ್ಯಾಪಾರ," ಎಂದಷ್ಟೇ ಹೇಳಿದ. ಮುಂದೆ ಸುಂಕದವರು ಪೆಟ್ಟಿಗೆಯನ್ನು ಒಡೆದು ನೋಡಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಸರ್ಕಾರವೇ ಮುದ್ರೆ ಒಡೆದರೆ ತನ್ನ ತಪ್ಪೇನಿದೆ? ಅವರು ಪೆಟ್ಟಿಗೆಯನ್ನು ಯಂತ್ರದೊಳಗೆ ತೂರಿಸಿ, ಒಳಗಿನ ಬೀಗದ ಚಿತ್ರ ನೋಡಿ, ನಗುನಗುತ್ತಾ ವಾಪಸು ಕೊಟ್ಟರು. ಕೆಟ್ಟ ಗಳಿಗೆಯಲ್ಲಿ ಒಳ್ಳೆಯ ಜನ ಸಿಗುವುದೂ ಒಂದು ಕಾಟವೇ.

ಗಿರಾಕಿಯ ಆಫೀಸಿಗೆ ಹೋದರೆ ಯಜಮಾನರು ಬೇರೆ ಊರಿಗೆ ಹೋಗಿದ್ದಾರೆ ಎಂದರು. ಅವರು ಬರುವುದು ಇವನ ವೀಸಾ ಮುಗಿಯುವ ದಿನ ಬೆಳಿಗ್ಗೆ. ಸಂಜೆಗೆ ವಿಮಾನ. ಬೇರೆ ಬೀಗ ತರಿಸೋಣವೆಂದರೆ ಕಾಲವಿಲ್ಲ, ಇನ್ನೊಂದು ವಾರ ಉಳಿಯೋಣವೆಂದರೆ ಕಾನೂನಿಲ್ಲ. ಹೋಟೆಲಿನ ಕೋಣೆಯಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತ. ಕಿಟಕಿಯ ಕೆಳಗೆ, ಇಷ್ಟು ವರ್ಷ ಹಂಬಲಿಸಿದ ಪರದೇಶದ ರಸ್ತೆ ಇತ್ತು: ಅಂಗಡಿಗಳ ಗಾಜು, ಕೊಡೆ ಹಿಡಿದ ಹೆಂಗಸರು, ಗಂಟೆ ಬಾರಿಸುವ ಸೈಕಲ್ಲು. ಇಣುಕಿಯೂ ನೋಡಲಿಲ್ಲ. ಬೀಗದ ಬದಲು ನೀರಿನ ಲೋಟ ಹಿಡಿದು, ಕೀಲಿ ತಿರುಗಿಸುವಾಗ ಕಿರುಬೆರಳಿನಿಂದ ಕೊಂಡಿಯನ್ನು ಕದ್ದು ಎತ್ತುವುದು ಹೇಗೆಂದು ಅಭ್ಯಾಸ ಮಾಡಿದ. ಲೋಟ ಬಿದ್ದು ಚಾಪೆ ಒದ್ದೆಯಾಯಿತು. ಷಡ್ಡಕನಾಗಿದ್ದರೆ ಈ ಹೊತ್ತಿಗೆ ಕೆಳಗಿನ ಬೀದಿಯಲ್ಲಿ ಅತ್ತೆಗೆ ಚಪ್ಪಲಿ ಆರಿಸುತ್ತಿದ್ದ ಎನ್ನಿಸಿ, ಅಂಥ ಭಯದಲ್ಲೂ ಎದ್ದು ಕಿಟಕಿಯ ಪರದೆ ರಪ್ಪನೆ ಎಳೆದ.

ಕೊನೆಯ ದಿನ ಗಿರಾಕಿ ಬಂದ. ದಪ್ಪ ಕನ್ನಡಕದ ಮುದುಕ, ಪಕ್ಕದಲ್ಲಿ ಅವನ ಮಾತನ್ನು ಅನುವಾದಿಸಿ ಹೇಳುವ ಹುಡುಗಿ. ಮುದುಕ ಕೈ ಕುಲುಕಿ, ಇವನ ಹಿಂದೆ ಬಾಗಿಲ ಕಡೆ ನೋಡಿದ.

"ಆ ನಗುಮುಖದವರು ಬರಲಿಲ್ಲವೇ ಅಂತ ಕೇಳ್ತಿದ್ದಾರೆ," ಎಂದಳು ಹುಡುಗಿ.

"ಈ ಸಲ ನಾನೇ," ಎಂದು ಇವನು ಹಲ್ಲು ಕಚ್ಚಿಕೊಂಡೇ ನಕ್ಕ.

ಮುದುಕ ಅರಗಿನ ಮುದ್ರೆಯ ಮೇಲೆ ಬೆರಳಾಡಿಸಿ ನೋಡಿ ತಲೆದೂಗಿದ. ಮುದ್ರೆ ಒಡೆಯಿತು. ದೊಡ್ಡಳಿಯ ಕೀಲಿ ಹಾಕಿದ. ಕಿರುಬೆರಳನ್ನು ಮೆಲ್ಲಗೆ ಕೊಂಡಿಯ ಕೆಳಗೆ ಸರಿಸುತ್ತಿದ್ದ, ಅಷ್ಟರಲ್ಲಿ ಮುದುಕ ಇವರದೇ ಭಾಷೆಯಲ್ಲಿ "ಕೈ ಎತ್ತಿ!" ಎಂದು ಕೂಗಿ ಗಹಗಹಿಸಿ ನಕ್ಕ. ಷಡ್ಡಕ ಕಲಿಸಿದ ಮಾತು. ಬೇರೆ ಯಾರು ಕಲಿಸುತ್ತಾರೆ? ಇವನು ಕೀಲಿ ತಿರುಗಿಸಿ, ಶರಣಾದ ಕಳ್ಳನಂತೆ ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿದ.

ಟಣ್.

ಕಣ್ಣು ತೆರೆದರೆ ಕೊಂಡಿ ನೆಗೆದು ನಿಂತಿತ್ತು. ಮುದುಕ ಚಪ್ಪಾಳೆ ತಟ್ಟುತ್ತಿದ್ದ. ತಾನೇ ಬೀಗ ಹಾಕಿ ಮತ್ತೆ ಮತ್ತೆ ತೆಗೆದ. ಪ್ರತಿ ಸಲವೂ ಟಣ್. ಎಲ್ಲ ಗೋದಾಮುಗಳಿಗೂ ಇದೇ ಬೀಗ ಎಂದು ಅಲ್ಲೇ ಮಾತು ಕೊಟ್ಟ. ದೊಡ್ಡಳಿಯನಿಗೆ ಅದು ಅರ್ಧಂಬರ್ಧ ಕೇಳಿಸಿತು. ಸೋತ ಸ್ಪ್ರಿಂಗನ್ನು ಒಳಗಿಟ್ಟವನು ತಾನು. ಹಾಗಾದರೆ ಅದನ್ನು ತೆಗೆದವರು ಯಾರು?

ವಿಮಾನ ನಿಲ್ದಾಣದಿಂದ ಮನೆಗೆ ಫೋನ್ ಮಾಡಿದ. ಸುದ್ದಿ ಆಗಲೇ ಮುಟ್ಟಿತ್ತು. ಮಾವನ ದನಿ ಉಬ್ಬಿಹೋಗಿತ್ತು. "ಭೇಷ್ ಅಳಿಯಂದ್ರೆ! ನಿಮ್ಮ ಕೈಗುಣ ನೋಡಿ. ಇನ್ಮೇಲೆ ಆ ಕಡೆ ವ್ಯವಹಾರ ಎಲ್ಲಾ ನಿಮ್ಮದೇ. ತಗೊಳ್ಳಿ, ಚಿಕ್ಕೋರು ಮಾತಾಡ್ತಾರಂತೆ."

ಫೋನು ಕೈ ಬದಲಾಯಿತು. ಚಿಕ್ಕಳಿಯ ಮಾತಾಡಲೆಂದು ಅಂಗಳಕ್ಕೆ ನಡೆದುಹೋಗುವ ಸದ್ದು ಕೇಳಿಸಿತು.

"ಅಣ್ಣ, ಕೊಂಡಿ ಚೆನ್ನಾಗಿ ನೆಗೀತಾ?"

"ನೆಗೀತು."

"ಅವತ್ತು ಸಂಜೆ ಕಾಫಿ ಮುಗಿಸ್ಕೊಂಡು ಬಂದು ಕೊನೇ ಸಲ ನೋಡ್ದೆ. ಮೇಲೇಳ್ಲಿಲ್ಲ. ಬಿಚ್ಚಿ ಹೊಸ ಸ್ಪ್ರಿಂಗ್ ಹಾಕ್ದೆ. ಮೇಜಿನ ಧೂಳಲ್ಲಿ ಎಣ್ಣೆಗೈ ಒರೆಸಿದ ಗುರುತಿತ್ತು, ಕಾಫಿಗೆ ಎಲ್ಲರಿಗಿಂತ ಕೊನೆಗೆ ಬಂದೋರು ನೀವೇ. ನಿಮಗೆ ಅಷ್ಟು ಸಂಕಟ ಆಗಿದೆ ಅಂತ ನನಗೆ ಗೊತ್ತಿರ್ಲಿಲ್ಲ ಅಣ್ಣ. ಅದಕ್ಕೇ ನೀವೇ ಹೋಗ್ಬೇಕು ಅಂದೆ. ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ."

ದೊಡ್ಡಳಿಯನಿಗೆ ನಾಚಿಕೆಯಾಯಿತು. ಒಂದು ಗಳಿಗೆ ಅಷ್ಟೇ. ಅದರ ಬೆನ್ನಿಗೇ ಆ ಹಳೆಯ ಉರಿ ಮೇಲೆದ್ದಿತು, ಹಿಂದೆಂದೂ ಇಲ್ಲದಷ್ಟು. ಯಾರಿಗೂ ಹೇಳಿಲ್ಲ ಎನ್ನುವ ಮಾತು ಆಡುವ ಭಾಗ್ಯವೂ ಅವನಿಗೇ ಬಂತಲ್ಲ! ಪ್ರವಾಸ ಬಿಟ್ಟುಕೊಟ್ಟ, ಹೆಸರು ಬಿಟ್ಟುಕೊಟ್ಟ, ಈಗ ತಪ್ಪನ್ನೂ ಮುಚ್ಚಿಟ್ಟು ದೊಡ್ಡವನಾಗಿಬಿಟ್ಟ. ಇನ್ನು ಮೇಲೆ ಊಟಕ್ಕೆ ಕೂತಾಗಲೆಲ್ಲ ಎದುರಿನ ತಟ್ಟೆಯ ಹಿಂದೆ ಆ ಒಳ್ಳೆಯತನ ಕೂತಿರುತ್ತದೆ, ಬಾಯಿ ಬಿಡದೆ, ಜೀವ ಇರುವವರೆಗೂ. ಅದನ್ನು ತಾಳಿಕೊಳ್ಳುವುದು ತನ್ನಿಂದಾಗದು. ಅದೊಂದನ್ನಾದರೂ ಅವನ ಕೈಯಿಂದ ಕಿತ್ತುಕೊಳ್ಳಬೇಕು.

ಎದುರಿನ ಗಾಜಿನ ಹಿಂದಿನಿಂದ ಅಧಿಕಾರಿ ಮುಂದೆ ಬನ್ನಿ ಎಂದು ಕೈ ಮಾಡುತ್ತಿದ್ದ. ದೊಡ್ಡಳಿಯ ಒಂದು ನಿಮಿಷ ಎಂದು ಸನ್ನೆ ಮಾಡಿದ.

"ಮಾವನ ಕೈಗೆ ಫೋನ್ ಕೊಡು," ಎಂದ.

"ಯಾಕಣ್ಣ? ಏನೂ ಬೇಡ, ಬಿಡಿ, ಮುಗೀತಲ್ಲ."

"ಕೊಡು ಅಂದ್ನಲ್ಲ!"

ಚಪ್ಪಲಿಯ ಸದ್ದು ಒಳಗೆ ಹೋಯಿತು. ಮಾವನ ನಗು ಹತ್ತಿರವಾಯಿತು. "ಹೇಳಿ ಅಳಿಯಂದ್ರೆ, ಇನ್ನೇನು?"

"ಮಾವ," ಎಂದ ದೊಡ್ಡಳಿಯ, "ಆ ಬೀಗವನ್ನ ಮೊದಲು ಕೆಡಿಸಿದ್ದು ನಾನು."